ತುರಿಕೆ ನಿಂತ ಮೇಲೆ ಶುರುವಾದ ತೊಂದರೆ: ಬೆವರುಸಾಲೆಯ ಒಂದು ಪ್ರಕರಣ

ಬೆವರುಸಾಲೆ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸೆಖೆಗೆ ಬರುತ್ತದೆ, ತಂಪಾದರೆ ಹೋಗುತ್ತದೆ. ಬಹಳಷ್ಟು ಸಲ ಇದು ನಿಜವೇ. ಇಲ್ಲಿ ಬರೆಯುತ್ತಿರುವುದು ಹಾಗೆ ಹೋಗದೆ ಒಳಗಿಳಿದ ಒಂದು ಬೆವರುಸಾಲೆಯ ಬಗ್ಗೆ. ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ವಯಸ್ಸು, ಕೆಲಸದ ಜಾಗ ಮುಂತಾದ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಯಾವ ಹಂತದಲ್ಲಿ ಯಾರು ಏನು ನಿರ್ಧಾರ ಮಾಡಿದರು, ಅದರಿಂದ ಏನಾಯಿತು ಅನ್ನುವುದನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ಮೂವತ್ತೈದರ ಆಸುಪಾಸಿನ ಗಂಡಸು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ದಿನಾ ತೆಗೆದುಕೊಳ್ಳುವ ಮಾತ್ರೆ ಯಾವುದೂ ಇಲ್ಲ. ಚಿಕ್ಕಂದಿನಿಂದಲೂ ಚೆನ್ನಾಗಿ ಬೆವರುತ್ತಿದ್ದವರು. ಈ ಕೊನೆಯ ಮಾತು ಮುಂದೆ ಬಹಳ ಉಪಯೋಗಕ್ಕೆ ಬಂತು.

ಕೆಲಸ ದೊಡ್ಡದೊಂದು ಲಾಂಡ್ರಿಯಲ್ಲಿ. ರಾಶಿಗಟ್ಟಲೆ ಹಾಸಿಗೆ ಬಟ್ಟೆ ಒಗೆದು, ಒಣಗಿಸಿ, ಹಬೆಯ ಮಷಿನ್‌ನಲ್ಲಿ ಇಸ್ತ್ರಿ ಮಾಡುವ ಜಾಗ. ಮೊದಲು ಅವರು ಲೆಕ್ಕ ಬರೆಯುವ ಕೋಣೆಯಲ್ಲಿ ಕೂರುತ್ತಿದ್ದರು, ಅಲ್ಲಿ ಏಸಿ ಇತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಅವರನ್ನು ಇಸ್ತ್ರಿ ವಿಭಾಗಕ್ಕೆ ಹಾಕಿದರು. ಸಂಬಳ ಸ್ವಲ್ಪ ಜಾಸ್ತಿ ಅಂತ ಅವರೂ ಒಪ್ಪಿಕೊಂಡರು. ಅಲ್ಲಿ ಬಿಸಿಯ ಜೊತೆಗೆ ಹಬೆಯೂ ಇತ್ತು. ಮೈಮೇಲೆ ಪಾಲಿಯೆಸ್ಟರ್ ಯೂನಿಫಾರ್ಮ್, ಅದರ ಮೇಲೆ ನೀರು ಇಳಿಯದ ಪ್ಲಾಸ್ಟಿಕ್ ಏಪ್ರನ್. ಬೆನ್ನಿನ ಮೇಲೆ ಅಡ್ಡಡ್ಡ ಹಾದುಹೋಗುವ ಅಗಲವಾದ ಪಟ್ಟಿಗಳಿಂದ ಏಪ್ರನ್ ಬಿಗಿಯಾಗಿ ಕಟ್ಟಿಕೊಳ್ಳಬೇಕಿತ್ತು.

ಬಿಸಿಗೆ ಹೊಂದಿಕೊಳ್ಳುವುದಕ್ಕೆ ನಮ್ಮ ದೇಹಕ್ಕೆ ಒಂದೆರಡು ವಾರ ಬೇಕು. ಆ ಹೊಂದಾಣಿಕೆಯ ದೊಡ್ಡ ಭಾಗ ಅಂದರೆ ಬೇಗ ಬೆವರಲು ಶುರುಮಾಡುವುದು, ಜಾಸ್ತಿ ಬೆವರುವುದು. ಅಂದರೆ ಹೊಸಬರ ಚರ್ಮ ಅಷ್ಟೊಂದು ಬೆವರಿಗೆ ಇನ್ನೂ ಒಗ್ಗಿರುವುದಿಲ್ಲ, ಗ್ರಂಥಿಗಳು ಮಾತ್ರ ಜೋರಾಗಿ ಕೆಲಸ ಶುರುಮಾಡಿಬಿಟ್ಟಿರುತ್ತವೆ. ಅದೇ ಹೊತ್ತಿಗೆ ಇವರ ಮೈಮೇಲೆ ಬೆವರು ಆರಲು ಬಿಡದ ಏಪ್ರನ್ ಇತ್ತು. ಹರಿದು ಕೆಳಗೆ ಬಿದ್ದ ಬೆವರಿನಿಂದ ತಂಪಾಗುವುದಿಲ್ಲ. ಮೈಮೇಲೆ ಆರಿದ ಬೆವರು ಮಾತ್ರ ಶಾಖ ತೆಗೆದುಕೊಂಡು ಹೋಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಏಪ್ರನ್ ಒಳಗೆ ಅದಕ್ಕೆ ದಾರಿಯೇ ಇರಲಿಲ್ಲ. ಹಾಗಾಗಿ ದೇಹ ಇನ್ನೂ ಜಾಸ್ತಿ ಬೆವರುತ್ತಿತ್ತು, ಚರ್ಮ ಇನ್ನೂ ಜಾಸ್ತಿ ನೆನೆಯುತ್ತಿತ್ತು.

ಮೊದಲ ಹಂತ: ಚುಚ್ಚುವ ಗುಳ್ಳೆ

ಹೊಸ ಜಾಗಕ್ಕೆ ಬಂದು ಕೆಲವೇ ವಾರಗಳಲ್ಲಿ ಎದೆ, ಹೊಟ್ಟೆ, ಬೆನ್ನಿನ ಮೇಲೆ ಸಣ್ಣ ಕೆಂಪು ಗುಳ್ಳೆ ಎದ್ದವು. ಶಿಫ್ಟ್ ಶುರುವಾದ ಅರ್ಧ ಗಂಟೆಗೆ ಸೂಜಿ ಚುಚ್ಚಿದ ಹಾಗೆ ಚುರುಚುರು. ಮನೆಗೆ ಹೋಗಿ ತಣ್ಣೀರು ಸುರಿದುಕೊಂಡರೆ ಕಡಿಮೆ. ಮರುದಿನ ಮತ್ತೆ ಅದೇ.

ಅವರು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪೌಡರ್ ಹಚ್ಚಿದರು. ಪೌಡರ್ ಒಣ ಮೈಮೇಲೆ ಸ್ವಲ್ಪ ಹಿತ ಕೊಡಬಹುದು. ಶಿಫ್ಟ್ ಮಧ್ಯೆ ಬೆವರಿನ ಮೇಲೆ ಪದರ ಪದರವಾಗಿ ಸುರಿದರೆ ಅದು ಅಂಟಾಗಿ ಕೂರುತ್ತದೆ ಅಷ್ಟೇ. ಆಮೇಲೆ ಕ್ರಿಮಿ ಕೊಲ್ಲುವ ಸೋಪಿನಲ್ಲಿ ದಿನಕ್ಕೆ ಹಲವು ಸಲ ತಿಕ್ಕಿ ತಿಕ್ಕಿ ಸ್ನಾನ. ತಿಕ್ಕಿದ ಮೇಲೆ ಉರಿ ಜಾಸ್ತಿಯಾಯಿತು, ಉರಿಗೆ ಅಂತ ಗಟ್ಟಿಯಾದ ಜಿಡ್ಡಿನ ಮುಲಾಮು. ಏಪ್ರನ್ ಬೆವರನ್ನು ಹೊರಗಿನಿಂದ ತಡೆಯುತ್ತಿತ್ತು, ಈಗ ಮುಲಾಮು ಚರ್ಮದ ಮೇಲೇ ಕೂತು ತಡೆಯತೊಡಗಿತು.

ಹೀಗೆ ಒಂದಷ್ಟು ದಿನ ಕಳೆದ ಮೇಲೆ ಒಬ್ಬ ವೈದ್ಯರನ್ನು ಕಂಡರು. ಅವರು ಫಂಗಸ್ ಇರಬಹುದೆಂದು ಮಾತ್ರೆ ಕೊಟ್ಟರು. ಗುಣ ಕಾಣಲಿಲ್ಲ. ಬಳಿಕ ಇನ್ನೊಬ್ಬರು ಅಲರ್ಜಿ ಅಂದರು. ಹಳೆಯ ಬಗೆಯ, ನಿದ್ದೆ ಬರಿಸುವ ಅಲರ್ಜಿ ಮಾತ್ರೆ ಕೊಟ್ಟರು. ರಾತ್ರಿ ನಿದ್ದೆ ಬಂತು, ಗುಳ್ಳೆ ಹೋಗಲಿಲ್ಲ. ಮೂರನೆಯದು ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಕೊಟ್ಟ ಕ್ರೀಮು. ಸ್ಟಿರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯಾಟಿಕ್ ಮೂರೂ ಸೇರಿರುವ ಟ್ಯೂಬ್. ಹಚ್ಚಿದ ಮೂರೇ ದಿನಕ್ಕೆ ಕೆಂಪು ಇಳಿಯಿತು. ‘ಇದೇ ಸರಿಯಾದ ಔಷಧಿ’ ಅನ್ನಿಸಿತು ಅವರಿಗೆ. ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಅಲ್ವಾ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಫಂಗಸ್ ಅಥವಾ ಅಲರ್ಜಿ ಅಂದುಕೊಂಡದ್ದು ಮೂರ್ಖತನವೇನಲ್ಲ. ಕೆಂಪು, ತುರಿಕೆ, ಬೆವರು ಇದ್ದರೆ ಮೊದಲು ನೆನಪಾಗುವುದು ಅವೇ. ಆದರೆ ಗುಳ್ಳೆ ಎಲ್ಲಿದೆ ಅನ್ನುವ ನಕ್ಷೆಯನ್ನು ಯಾರೂ ಓದಲಿಲ್ಲ. ಹುಳುಕಡ್ಡಿ ಆಗಿದ್ದರೆ ಅಂಚು ಎದ್ದು, ನಡುವೆ ತಿಳಿಯಾಗಿ, ಉಂಗುರದ ಆಕಾರ ಬರಬೇಕು. ಕೂದಲ ಬುಡದ ಸೋಂಕಾಗಿದ್ದರೆ ಗುಳ್ಳೆಯ ಮಧ್ಯೆ ಒಂದು ಕೂದಲು ಕಾಣಬೇಕು. ಕ್ಯಾಂಡಿಡಾ ಅನ್ನುವ ಇನ್ನೊಂದು ಬಗೆಯ ಫಂಗಸ್ ಆಗಿದ್ದರೆ ಮಡಿಕೆಗಳಲ್ಲಿ ಹಸಿಹಸಿಯಾಗಿ ಕೆಂಪಾಗಿ, ಸುತ್ತ ಮರಿಗುಳ್ಳೆ ಚೆದುರಿರಬೇಕು. ಆ ಸಮಯದಲ್ಲಿ ಅವರೇ ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋಗಳನ್ನು ನಾನು ಆಮೇಲೆ ನೋಡಿದೆ. ಗುಳ್ಳೆಗಳು ಒಂದಕ್ಕೊಂದು ಸೇರದೆ ಬಿಡಿಬಿಡಿಯಾಗಿ, ಕೂದಲ ಬುಡ ಬಿಟ್ಟು, ಏಪ್ರನ್ ಮುಚ್ಚುವಷ್ಟೇ ಜಾಗದಲ್ಲಿದ್ದವು. ಬೆನ್ನಿನ ಮೇಲೆ ಪಟ್ಟಿ ಹಾದುಹೋಗುವಲ್ಲಿ ಅತಿ ದಟ್ಟ. ಮುಖ, ಅಂಗೈ, ಅಂಗಾಲು ಪೂರ್ತಿ ಸ್ವಚ್ಛ. ಬಟ್ಟೆ ಬಿಚ್ಚಿಸಿ ನೋಡಿ, ‘ಕೆಲಸಕ್ಕೆ ಏನು ಹಾಕ್ಕೊಂಡು ಹೋಗ್ತೀರಿ?’ ಅಂತ ಒಂದೇ ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಇದು ಬೆವರುಸಾಲೆಯ ಮಾಮೂಲಿ ಬಗೆ, ವೈದ್ಯರ ಮಾತಿನಲ್ಲಿ ಮಿಲಿಯೇರಿಯಾ ರೂಬ್ರಾ. ಆಗಲೇ ಏಪ್ರನ್ ಬದಲಾಗಿ, ಒಂದೆರಡು ವಾರ ತಂಪಾದ ಜಾಗದಲ್ಲಿದ್ದು, ಸಡಿಲವಾದ ಹತ್ತಿ ಬಟ್ಟೆ, ಕ್ಯಾಲಮೈನ್ ಲೋಷನ್, ತುರಿಕೆ ತಡೆಯಲಾಗದಿದ್ದರೆ ಕೆಲವೇ ದಿನ ಸೌಮ್ಯವಾದ ಸ್ಟಿರಾಯ್ಡ್ ಹಚ್ಚಿದ್ದರೆ ಬಹುಶಃ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸ್ಟಿರಾಯ್ಡ್‌ನ ಮೇಲೆ ನನಗೆ ದ್ವೇಷ ಇಲ್ಲ. ಅದು ಉರಿಯೂತ ಇಳಿಸುತ್ತದೆ, ಬೆವರು ಹೊರಬರುವ ನಾಳ ಮುಚ್ಚಿದ್ದರೆ ಅದನ್ನು ತೆರೆಯುವುದಿಲ್ಲ. ಕೆಂಪು ಹೋಗಿದ್ದು ನೋಡಿ ಅವರು ಧೈರ್ಯವಾಗಿ ಅದೇ ಏಪ್ರನ್ ಕಟ್ಟಿಕೊಂಡು, ಅದೇ ಮಷಿನ್ ಮುಂದೆ ಮತ್ತೆ ನಿಂತರು.

ಗುಳ್ಳೆ ಹೋಯಿತು, ತುರಿಕೆಯೂ ಹೋಯಿತು

ಮುಂದಿನ ಕೆಲವು ವಾರಗಳಲ್ಲಿ ಗುಳ್ಳೆ ಬಂದು ಹೋಗಿ ಆಡುತ್ತಿತ್ತು. ಆಮೇಲೆ ಒಂದು ದಿನ ಚುರುಚುರು ಇಲ್ಲವೇ ಇಲ್ಲ. ಮೈ ಒಣಗಿದೆ, ನಯವಾಗಿದೆ. ಕ್ರೀಮು ನಿಲ್ಲಿಸಿದರು, ಮಾತ್ರೆ ಬಿಟ್ಟರು. ಬಿಸಿಲು ಏರುತ್ತಿದ್ದರೂ ತೊಂದರೆ ಇಲ್ಲವಲ್ಲ, ಅಂತೂ ಮೈ ಹೊಂದಿಕೊಂಡಿತು ಅಂತ ಸಂತೋಷಪಟ್ಟರು.

ಈ ಇಡೀ ಪ್ರಕರಣದಲ್ಲಿ ಅತಿ ಅಪಾಯದ ತಿರುವು ಇದೇ. ಅದು ವಾಸಿಯಾದ ಹಾಗೆ ಕಾಣುತ್ತದೆ.

ಆಮೇಲೆ ಶುರುವಾದದ್ದು ಸುಸ್ತು. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಎದೆ ಡವಡವ, ಕಣ್ಣು ಮಂಜು. ಒಂದು ಸಲ ಮಷಿನ್ ಪಕ್ಕದಲ್ಲೇ ಕುಸಿದು ಕೂತರು. ಬಿಪಿ ನೋಡಿದರು, ಸಕ್ಕರೆ ನೋಡಿದರು, ಇಸಿಜಿ ತೆಗೆದರು, ರಕ್ತದ ಅಂಶ, ಥೈರಾಯ್ಡ್ ಎಲ್ಲ ಪರೀಕ್ಷೆ ಮಾಡಿದರು. ಎಲ್ಲವೂ ಸರಿ. ‘ನಿಶ್ಶಕ್ತಿ’ ಅಂತ ಟಾನಿಕ್ ಬಂತು. ನೀರು ಜಾಸ್ತಿ ಕುಡಿಯಿರಿ ಅಂದರು. ಕುಡಿದರು. ಮೂತ್ರಕ್ಕೆ ಹೋಗುವುದು ಜಾಸ್ತಿಯಾಯಿತು, ತಲೆಸುತ್ತು ಹಾಗೇ ಉಳಿಯಿತು. ಚರ್ಮದ ಹಳೆಯ ಕಥೆಯನ್ನು ಅವರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ವಾಸಿಯಾದ ಗುಳ್ಳೆಗೂ ತಲೆಸುತ್ತಿಗೂ ಏನು ಸಂಬಂಧ?

ಸುಳಿವು ಸಿಕ್ಕಿದ್ದು ಜೊತೆಯ ಕೆಲಸದವರಿಂದ. ‘ಏನಣ್ಣಾ, ಮುಖದಿಂದ ನೀರು ಸುರೀತಿದೆ, ಅಂಗಿ ನೋಡಿದ್ರೆ ಒಣಗಿದೆ! ನಮ್ಮದೆಲ್ಲ ಹಿಂಡೋ ಹಾಗಿದೆ’ ಅಂದರಂತೆ. ತಮಾಷೆಗೆ ಆಡಿದ ಮಾತು. ನನ್ನ ಹತ್ತಿರ ಬಂದಾಗ ಅವರು ಇದನ್ನು ಕೊನೆಯಲ್ಲಿ, ಎದ್ದು ಹೊರಡುವಾಗ ಸುಮ್ನೆ ನಗುತ್ತಾ ಹೇಳಿದರು. ‘ಮತ್ತೆ ಕೂತ್ಕೊಳ್ಳಿ’ ಅಂದೆ.

ತಂಪು ಕೋಣೆಯಲ್ಲಿ ಕಾಣದ ಕಾಯಿಲೆ

ಅಂಗಿ ತೆಗೆಸಿ ನೋಡಿದರೆ ಹೇಳುವಂಥದ್ದು ಏನೂ ಇರಲಿಲ್ಲ. ಎದೆ ಬೆನ್ನಿನ ಚರ್ಮ ಸ್ವಲ್ಪ ಒಣಗಿ, ಅಲ್ಲಲ್ಲಿ ತೆಳುವಾದ ಹೊಟ್ಟು ಎದ್ದಿತ್ತು, ಅಷ್ಟೇ. ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್ ಸಿಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಇನ್ನೊಂದು ಟಾನಿಕ್ ಬರೆದು ಕಳಿಸುವುದೇ ಆಗುತ್ತಿತ್ತು.

ಈ ಕಾಯಿಲೆ ಬೆವರುವಾಗ ಮಾತ್ರ ಕಾಣುತ್ತದೆ. ಹಾಗಾಗಿ ಅವರನ್ನು ಬೆವರಿಸಿಯೇ ನೋಡಬೇಕೆಂದು ತೀರ್ಮಾನಿಸಿದೆವು. ಈಗಾಗಲೇ ಕುಸಿದು ಬಿದ್ದವರನ್ನು ಬಿಸಿ ಮಾಡುವುದು ಹುಡುಗಾಟವಲ್ಲ. ಪಕ್ಕದಲ್ಲಿ ಒಬ್ಬರು ನಿಂತು ನಾಡಿ ಮತ್ತು ಜ್ವರ ನೋಡುತ್ತಾ, ತಣ್ಣೀರು ಬಟ್ಟೆ ಸಿದ್ಧವಿಟ್ಟುಕೊಂಡು, ಜೋರಾಗಿ ನಡೆಸಿದೆವು. ಮನೆಯಲ್ಲಿ ಯಾರೂ ಇದನ್ನು ಮಾಡಿ ನೋಡಬಾರದು.

ಸ್ವಲ್ಪ ಹೊತ್ತಿಗೇ ಎದೆ, ಬೆನ್ನು, ಹೊಟ್ಟೆಯ ಮೇಲೆ ಚರ್ಮದ ಬಣ್ಣದ್ದೇ ಆದ ಸಣ್ಣ ಗಟ್ಟಿ ಗುಳ್ಳೆಗಳು ಎದ್ದವು. 1ರಿಂದ 3 ಮಿಲಿಮೀಟರ್ ಗಾತ್ರ. ಕೆಂಪಿಲ್ಲ, ತುರಿಕೆ ಇಲ್ಲ. ಕೈಯಾಡಿಸಿದರೆ ಒರಟು. ಹಣೆ, ಮೇಲ್ದುಟಿ, ಕಂಕುಳಲ್ಲಿ ಬೆವರು ಇಳಿಯುತ್ತಿತ್ತು. ಅಂಗೈ ಒದ್ದೆ. ಮುಂಡ ಮಾತ್ರ ಒಣ. ನಿಲ್ಲಿಸಿ, ತಂಪಾದ ಕೋಣೆಯಲ್ಲಿ ಕೂರಿಸಿದ ಮೇಲೆ ಒಂದು ಗಂಟೆಯೊಳಗೆ ಗುಳ್ಳೆಗಳು ಮಾಯ. ಅವರಿಗೇ ಆಶ್ಚರ್ಯ. ‘ಇದು ಇತ್ತಾ ಡಾಕ್ಟ್ರೇ? ಕೆರೀಲಿಲ್ಲ, ಅದಕ್ಕೇ ಗೊತ್ತಾಗಿಲ್ಲ’ ಅಂದರು.

ಇನ್ನೊಂದು ದಿನ ಅಯೋಡಿನ್-ಪಿಷ್ಟ ಪರೀಕ್ಷೆ ಮಾಡಿದೆವು. ಅಯೋಡಿನ್ ಒಗ್ಗದಿರುವ ತೊಂದರೆ ಇಲ್ಲವೆಂದು ಮೊದಲೇ ಕೇಳಿಕೊಂಡಿದ್ದೆವು. ಚರ್ಮಕ್ಕೆ ಅಯೋಡಿನ್ ಹಚ್ಚಿ ಒಣಗಿಸಿ, ಮೇಲೆ ಪಿಷ್ಟದ ಪುಡಿ ಉದುರಿಸಿ ಬೆವರಿಸಬೇಕು. ಬೆವರು ಬಂದಲ್ಲೆಲ್ಲ ಕಡುನೀಲಿ, ಕಪ್ಪು ಬಣ್ಣ ಬರುತ್ತದೆ. ಇವರ ತೋಳು, ಕತ್ತು, ತೊಡೆ ಕಪ್ಪಾದವು. ಎದೆ ಹೊಟ್ಟೆಯ ಮೇಲೆ ಏಪ್ರನ್ ಆಕಾರದ ಬಿಳಿ ಜಾಗ ಹಾಗೇ ಉಳಿಯಿತು. ಬೆನ್ನಿನಲ್ಲಿ ಪಟ್ಟಿಗಳ ಗೆರೆಯೂ ಬಿಳಿ. ಫೋಟೋ ತೆಗೆದು ಅವರಿಗೇ ತೋರಿಸಿದೆ. ನನ್ನ ಅರ್ಧ ಗಂಟೆಯ ವಿವರಣೆಗಿಂತ ಆ ಫೋಟೋ ಜಾಸ್ತಿ ಕೆಲಸ ಮಾಡಿತು.

ಬೆವರು ನಿಲ್ಲಲು ಬೇರೆ ಕಾರಣಗಳೂ ಇವೆ. ಸಕ್ಕರೆ ಕಾಯಿಲೆಯಿಂದ ನರ ಹಾಳಾಗಿರಬಹುದು, ಕೆಲವು ಔಷಧಿಗಳಿಂದ ಆಗಬಹುದು, ಹುಟ್ಟಿನಿಂದಲೇ ಗ್ರಂಥಿ ಕಡಿಮೆ ಇರಬಹುದು. ಸಕ್ಕರೆ ಪರೀಕ್ಷೆ ಸರಿಯಿತ್ತು, ಕೈಕಾಲಿನ ಸ್ಪರ್ಶ ಸರಿಯಿತ್ತು. ಚಿಕ್ಕಂದಿನಿಂದ ಚೆನ್ನಾಗಿ ಬೆವರುತ್ತಿದ್ದವರು. ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ಬೆವರು ಕಡಿಮೆ ಮಾಡುತ್ತವೆ, ಹಾಗಾಗಿ ಬಿಸಿಯಲ್ಲಿ ದುಡಿಯುವವರಿಗೆ ಅವು ಎರಡು ಬಗೆಯಲ್ಲಿ ಕೆಟ್ಟವು: ಮೈ ತಂಪಾಗಲು ಬಿಡುವುದಿಲ್ಲ, ಮಷಿನ್ ಮುಂದೆ ತೂಕಡಿಕೆ ಬೇರೆ. ಆದರೆ ಅವನ್ನು ಬಿಟ್ಟು ಬಹಳ ದಿನವಾಗಿತ್ತು. ಮೈ ಬಿಸಿಯಾದಾಗ ಏಳುವ ಪಿತ್ತಗಂಧೆಯೂ ಹೀಗೇ ಬೇಗ ಬಂದು ಬೇಗ ಹೋಗುತ್ತದೆ, ಆದರೆ ಅದು ಕೆಂಪಾಗಿ ವಿಪರೀತ ಕೆರೆಯುತ್ತದೆ. ಚರ್ಮದ ತುಣುಕು ತೆಗೆದು ನೋಡಬೇಕೇ ಅನ್ನುವ ಚರ್ಚೆ ಆಯಿತು. ಅಷ್ಟು ಸಣ್ಣ ನಾಳ ಒಡೆದ ಜಾಗ ಹುಡುಕಲು ಸಾಲುಸಾಲಾಗಿ ಪದರ ಕೊಯ್ದು ನೋಡಬೇಕು, ಸಿಕ್ಕರೂ ಚಿಕಿತ್ಸೆ ಬದಲಾಗುವುದಿಲ್ಲ. ಬಿಟ್ಟೆವು. ಇದು ಮಿಲಿಯೇರಿಯಾ ಪ್ರೊಫಂಡಾ, ಆಳಕ್ಕಿಳಿದ ಬೆವರುಸಾಲೆ.

ಒಳಗೆ ಆಗಿದ್ದೇನು

ನಮ್ಮ ಮೈಯಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಗ್ರಂಥಿ ಚರ್ಮದ ಒಳಪದರದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ಅಲ್ಲಿಂದ ಒಂದು ಸಣ್ಣ ನಾಳ ಮೇಲಕ್ಕೆ ಬಂದು, ಹೊರಪದರದಲ್ಲಿ ತಿರುಚಿಕೊಂಡು ಹೋಗಿ ಮೇಲೆ ತೆರೆಯುತ್ತದೆ. ಚರ್ಮ ಬಹಳ ಹೊತ್ತು ಒದ್ದೆಯಾಗಿಯೇ ಇದ್ದರೆ ಮೇಲಿನ ಸತ್ತ ಪದರ ನೀರು ಕುಡಿದು ಉಬ್ಬುತ್ತದೆ, ನಾಳದ ಬಾಯಿ ಕಿರಿದಾಗುತ್ತದೆ. ಚರ್ಮದ ಮೇಲೆ ಸದಾ ಇರುವ ಸ್ಟೆಫೈಲೋಕಾಕಸ್ ಎಪಿಡರ್ಮಿಡಿಸ್ ಅನ್ನುವ ಬ್ಯಾಕ್ಟೀರಿಯಾ ಒಂದು ಬಗೆಯ ಅಂಟು ತಯಾರಿಸುತ್ತದೆ, ಅದೂ ನಾಳ ಕಟ್ಟಿಕೊಳ್ಳಲು ಸೇರಿಕೊಳ್ಳುತ್ತದೆ. ಗ್ರಂಥಿಗೆ ಇದ್ಯಾವುದೂ ಗೊತ್ತಿಲ್ಲ. ಅದು ಬೆವರು ತಳ್ಳುತ್ತಲೇ ಇರುತ್ತದೆ. ಮುಂದಿನ ಬಾಯಿ ಕಟ್ಟಿದ ಪೈಪು ಹಿಂದೆಲ್ಲೋ ಒಡೆದು ಸೋರುವ ಹಾಗೆ, ಬೆವರು ಚರ್ಮದೊಳಗೇ ಸೋರುತ್ತದೆ.

ಎಲ್ಲಿ ಸೋರಿತು ಅನ್ನುವುದರ ಮೇಲೆ ಕಾಯಿಲೆಯ ರೂಪ ನಿಲ್ಲುತ್ತದೆ. ತೀರಾ ಮೇಲೆ ಸೋರಿದರೆ ಮುಟ್ಟಿದರೆ ಒಡೆಯುವ, ತುರಿಕೆಯಿಲ್ಲದ ನೀರು ಗುಳ್ಳೆ. ಎಳೆ ಕೂಸುಗಳಲ್ಲಿ, ಜ್ವರ ಬಂದವರಲ್ಲಿ ಇದು ಮಾಮೂಲು, ತಾನಾಗಿ ಹೋಗುತ್ತದೆ. ಸ್ವಲ್ಪ ಕೆಳಗೆ, ಹೊರಪದರದ ಮಧ್ಯೆ ಸೋರಿದರೆ ಸುತ್ತ ಉರಿಯೂತವಾಗಿ ಕೆಂಪು, ಚುರುಚುರು. ಮತ್ತೆ ಮತ್ತೆ ಹಾಗೇ ಆಗುತ್ತಿದ್ದರೆ ತಡೆ ಕೆಳಕ್ಕಿಳಿಯುತ್ತದೆ, ಹೊರಪದರ ಮತ್ತು ಒಳಪದರ ಸೇರುವ ಮಟ್ಟದಲ್ಲಿ ನಾಳ ಒಡೆಯುತ್ತದೆ. ಆಗ ಕೆರೆತ ಇರುವುದೇ ಅಪರೂಪ.

ಅಂದರೆ ಇವರ ತುರಿಕೆ ನಿಂತದ್ದು ನಾಳ ತೆರೆದುಕೊಂಡಿದ್ದಕ್ಕಲ್ಲ. ತಡೆ ಇನ್ನೂ ಆಳಕ್ಕಿಳಿದಿತ್ತು. ಅಂಗಿ ಒಣಗಿದ್ದಕ್ಕೆ ಕಾರಣ ಮೈ ಬಿಸಿಗೆ ಹೊಂದಿಕೊಂಡದ್ದಲ್ಲ, ಮುಂಡದ ಬೆವರು ಹೊರಗೇ ಬರುತ್ತಿರಲಿಲ್ಲ. ಅದನ್ನು ಸರಿದೂಗಿಸಲು ಮುಖ, ಕಂಕುಳು ಎರಡು ಪಟ್ಟು ದುಡಿಯುತ್ತಿದ್ದವು. ಅಷ್ಟು ಸಣ್ಣ ಜಾಗದಿಂದ ಇಡೀ ದೇಹ ತಂಪಾಗುವುದಿಲ್ಲ. ನೀರು ಎಷ್ಟು ಕುಡಿದರೂ ಗುಣ ಕಾಣದಿದ್ದುದೂ ಇದಕ್ಕೇ. ಕೊರತೆ ಇದ್ದದ್ದು ನೀರಿಗಲ್ಲ, ಅದು ಹೊರಬರುವ ದಾರಿಗೆ.

ಚಿಕಿತ್ಸೆಗಿಂತ ಕಷ್ಟವಾದ ಮಾತು

‘ಯಾವ ಕ್ರೀಮು ಕೊಡ್ತೀರಿ?’ ಇದು ಅವರ ಮೊದಲ ಪ್ರಶ್ನೆ. ‘ಕೆಲಸದಿಂದ ದೂರ ಇರಿ’ ಅನ್ನುವುದು ಅವರು ಬಯಸಿದ ಉತ್ತರವಲ್ಲ. ಆದರೆ ಮುಖ್ಯ ಚಿಕಿತ್ಸೆ ಅದೊಂದೇ. ಚರ್ಮದ ಮೇಲ್ಪದರ ತಾನಾಗಿ ಹೊಸದಾಗುತ್ತಾ ಬರುತ್ತದೆ, ಆಗ ಕಟ್ಟಿಕೊಂಡ ಬಿರಡೆ ಅದರ ಜೊತೆಗೆ ಉದುರುತ್ತದೆ. ಚರ್ಮಕ್ಕೆ ಪ್ಲಾಸ್ಟಿಕ್ ಸುತ್ತಿ ಪ್ರಯೋಗ ಮಾಡಿ ನೋಡಿದಾಗ, ಒಂದೆರಡು ದಿನ ಮುಚ್ಚಿಟ್ಟ ಜಾಗ ಮತ್ತೆ ಸರಿಯಾಗಿ ಬೆವರಲು ಎರಡು ಮೂರು ವಾರ ಹಿಡಿದದ್ದು ಗೊತ್ತಿದೆ. ಇವರದ್ದು ತಿಂಗಳುಗಟ್ಟಲೆ ಮುಚ್ಚಿಟ್ಟ ಚರ್ಮ. ಅದಕ್ಕಿಂತ ಜಾಸ್ತಿ ಸಮಯ ಬೇಕೆಂದು ಮೊದಲೇ ಹೇಳಿದೆವು.

ಕೆಲಸದ ಜಾಗದವರು ಕೆಟ್ಟವರಲ್ಲ. ಫ್ಯಾನ್ ಹಾಕಿಸುತ್ತೇವೆ, ಗ್ಲೂಕೋಸ್ ನೀರು ಕೊಡುತ್ತೇವೆ, ಕೆಲಸ ಬಿಡಿಸಬೇಡಿ ಅಂದರು. ಬೆವರೇ ಬಾರದ ಚರ್ಮದ ಮೇಲೆ ಫ್ಯಾನ್ ಗಾಳಿ ಆರಿಸುವುದಾದರೂ ಏನನ್ನು? ಗಾಳಿಯೇ ಮೈಗಿಂತ ಬಿಸಿಯಾಗಿದ್ದರೆ ಫ್ಯಾನ್ ಇನ್ನಷ್ಟು ಶಾಖವನ್ನೇ ತಂದು ಹಾಕುತ್ತದೆ. ಪತ್ರದಲ್ಲಿ ‘ಚರ್ಮದ ಅಲರ್ಜಿ’ ಅಂತ ಬರೆಯದೆ, ‘ಮುಂಡದ ಭಾಗ ಬೆವರುತ್ತಿಲ್ಲ, ಬಿಸಿ ಜಾಗದಲ್ಲಿ ಕೆಲಸ ಮಾಡಿದರೆ ಪ್ರಾಣಾಪಾಯ ಇದೆ’ ಅಂತಲೇ ಬರೆದೆವು. ಅಲರ್ಜಿ ಅಂದರೆ ಕೈಗವಸು ಕೊಟ್ಟು ಸುಮ್ಮನಾಗುವುದುಂಟು. ಎರಡನೆಯ ವಾಕ್ಯ ಓದಿದ ಮೇಲೆ ಅವರೇ ಹಳೆಯ ಲೆಕ್ಕದ ಕೋಣೆಯಲ್ಲಿ ತಾತ್ಕಾಲಿಕ ಜಾಗ ಮಾಡಿಕೊಟ್ಟರು.

ಚರ್ಮಕ್ಕೆ ಮಾಡಿದ್ದು ಕಡಿಮೆ. ಮೂರು ಔಷಧಿ ಸೇರಿದ ಕ್ರೀಮು, ಜಿಡ್ಡಿನ ಮುಲಾಮು, ಪೌಡರ್, ತಿಕ್ಕುವುದು ಎಲ್ಲ ಬಂದ್. ಸೌಮ್ಯ ಸೋಪು, ಉಗುರುಬೆಚ್ಚಗಿನ ಅಥವಾ ತಣ್ಣೀರಿನ ಸ್ನಾನ, ಒರೆಸದೆ ಒತ್ತಿ ಒಣಗಿಸುವುದು. ರಾತ್ರಿ ತಂಪಾದ, ಗಾಳಿಯಾಡುವ ಕೋಣೆ. ದಿನದಲ್ಲಿ ಒಂದಷ್ಟು ಗಂಟೆ ಚರ್ಮ ಪೂರ್ತಿ ಒಣಗಿರಲು ಬಿಡುವುದು ಬಹಳ ಮುಖ್ಯ.

ಆಮೇಲೆ ಲ್ಯಾನೋಲಿನ್, ಅಂದರೆ ಕುರಿಯ ಉಣ್ಣೆಯಿಂದ ತೆಗೆಯುವ ಜಿಡ್ಡು. ನೀರಿನಂಶ ಇಲ್ಲದ ಲ್ಯಾನೋಲಿನ್ ಅನ್ನು ಮೈ ಬೆವರುವಂಥ ನಡಿಗೆಗೆ ಮುಂಚೆ ತೆಳುವಾಗಿ ಹಚ್ಚಲು ಹೇಳಿದೆವು. ಅವರು ಸರಿಯಾಗಿಯೇ ಕೇಳಿದರು: ‘ಜಿಡ್ಡು ಬೇಡ ಅಂತ ನೀವೇ ಹೇಳಿದ್ರಿ, ಈಗ ಜಿಡ್ಡನ್ನೇ ಕೊಡ್ತಿದ್ದೀರಿ?’ ಆಳದ ಬೆವರುಸಾಲೆಯಲ್ಲಿ ಇದನ್ನು ಹಚ್ಚಿದಾಗ ನಾಳದ ತಡೆ ಬಿಟ್ಟುಕೊಂಡು ಬೆವರು ಬರಲು ಸಹಾಯವಾಗಿದೆ ಅಂತ ಕೆಲವು ರೋಗಿಗಳ ವರದಿಗಳಿವೆ. ದೊಡ್ಡ ಪುರಾವೆ ಅಲ್ಲ. ಅಪಾಯ ಕಡಿಮೆ ಅಂತ ಸ್ವಲ್ಪ ಜಾಗದಲ್ಲಿ ಮೊದಲು ಹಚ್ಚಿ ನೋಡಿ, ಮುಂದುವರಿಸಿದೆವು. ಅದರಿಂದ ಎಷ್ಟು ಗುಣವಾಯಿತು, ಬರೀ ತಂಪಿನಿಂದ ಎಷ್ಟು ಅಂತ ಬೇರೆ ಮಾಡಿ ಹೇಳಲು ಈ ಒಂದು ಪ್ರಕರಣದಲ್ಲಿ ದಾರಿಯಿಲ್ಲ. ಜೋರು ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಮಾತ್ರೆಯನ್ನೂ ಕೆಲವರಿಗೆ ಕೊಟ್ಟದ್ದುಂಟು. ಅದರ ಅಡ್ಡಪರಿಣಾಮ ನೋಡಿದರೆ ಇಲ್ಲಿ ಅವಸರ ಇರಲಿಲ್ಲ.

ಬೇಗ ವಾಪಸ್ ಹೋದದ್ದು

ಎರಡು ವಾರ ದಾಟಿದ ಮೇಲೆ ಅವರಿಗೆ ತಲೆಸುತ್ತು ಪೂರ್ತಿ ಹೋಯಿತು. ಹೋಗಲೇಬೇಕು, ಬಿಸಿಯಲ್ಲೇ ಇರಲಿಲ್ಲವಲ್ಲ. ಆದರೆ ಅವರು ಇದನ್ನು ವಾಸಿಯಾದ ಲೆಕ್ಕಕ್ಕೆ ಹಾಕಿಕೊಂಡರು. ಇಸ್ತ್ರಿ ವಿಭಾಗದಲ್ಲಿ ಒಬ್ಬರು ರಜೆ ಹಾಕಿದ್ದರು, ಹೆಚ್ಚಿನ ಸಂಬಳವೂ ಇತ್ತು. ನಮಗೆ ಹೇಳದೆ ವಾಪಸ್ ಹೋದರು.

ಮೂರನೇ ದಿನ ಮಧ್ಯಾಹ್ನ ತಲೆನೋವು, ವಾಂತಿ. ಜ್ವರ ನೋಡಿದರೆ 39 ಡಿಗ್ರಿ ದಾಟಿತ್ತು. ಈ ಸಲ ಜೊತೆಯವರಿಗೆ ವಿಷಯ ಗೊತ್ತಿತ್ತು. ತಕ್ಷಣ ತಂಪು ಕೋಣೆಗೆ ಎಳೆದುಕೊಂಡು ಹೋಗಿ, ಏಪ್ರನ್ ಕಿತ್ತು, ಮೈಗೆ ನೀರು ಹೊಯ್ದು ಫ್ಯಾನ್ ಹಚ್ಚಿದರು. ಫ್ಯಾನ್ ಉಪಯೋಗಕ್ಕೆ ಬಂದದ್ದು ಇಲ್ಲಿ. ಮೈ ಕೊಡದ ಬೆವರಿನ ಬದಲು ಹೊರಗಿನ ನೀರು ಆರಿತು. ಮಾತು ತೊದಲಲಿಲ್ಲ, ಪ್ರಜ್ಞೆ ಸರಿಯಿತ್ತು, ಬೇಗ ಚೇತರಿಸಿಕೊಂಡರು. ಮಾತು ಎಡವಟ್ಟಾಗಿದ್ದರೆ, ಎಲ್ಲಿದ್ದೇನೆ ಅಂತ ತಿಳಿಯದೆ ಹೋಗಿದ್ದರೆ, ಒಳಗಿನ ಶಾಖ 40 ಡಿಗ್ರಿ ದಾಟಿದ್ದರೆ ಅದು ಶಾಖಾಘಾತ. ಆಗ ಮೈ ತಂಪು ಮಾಡುವುದನ್ನು ಒಂದು ನಿಮಿಷವೂ ನಿಲ್ಲಿಸದೆ ಆಸ್ಪತ್ರೆಗೆ ಸಾಗಿಸಬೇಕು.

ಈ ಮರುಕಳಿಕೆ ನಮ್ಮ ಯೋಜನೆ ಬದಲಿಸಿತು. ‘ಆರಾಮಾಗಿದ್ದೀರಾ?’ ಅನ್ನುವ ಪ್ರಶ್ನೆಗೆ ಇಲ್ಲಿ ಬೆಲೆಯಿಲ್ಲ. ತಂಪಿನಲ್ಲಿ ಕೂತವರು ಆರಾಮಾಗಿಯೇ ಇರುತ್ತಾರೆ. ಕೆಲಸಕ್ಕೆ ವಾಪಸ್ ಕಳಿಸುವ ತೀರ್ಮಾನವನ್ನು ಅಯೋಡಿನ್ ಪರೀಕ್ಷೆಯ ಫೋಟೋದ ಮೇಲೆ ಮಾಡಬೇಕು ಅಂತ ನಿಶ್ಚಯಿಸಿದೆವು. ಒಂದು ತಿಂಗಳ ನಂತರ ಬಿಳಿ ಜಾಗದ ಮಧ್ಯೆ ಕಪ್ಪು ಚುಕ್ಕೆಗಳು ಬಂದಿದ್ದವು. ಎರಡನೇ ತಿಂಗಳ ಕೊನೆಗೆ ಎದೆ, ಮೇಲಿನ ಬೆನ್ನು ಬಹುತೇಕ ಕಪ್ಪಾಗಿತ್ತು. ಸೊಂಟದ ಸುತ್ತ ಮಾತ್ರ ತೇಪೆ ತೇಪೆ.

ಮತ್ತೆ ಬಿಸಿಗೆ

ವಾಪಸ್ ಕಳಿಸುವುದಕ್ಕೆ ಮುಂಚೆ ಏಪ್ರನ್ ವಿಷಯ ಇತ್ಯರ್ಥವಾಗಬೇಕಿತ್ತು. ಒಗೆಯುವ ಕಡೆ ನೀರು ಎರಚುತ್ತದೆ, ಅಲ್ಲಿ ಏಪ್ರನ್ ಬೇಕು. ಇಸ್ತ್ರಿ ಕಡೆ ಬರುವುದು ಒಣ ಬಟ್ಟೆ. ಅಲ್ಲಿ ಅದು ಯಾಕೆ ಅಂತ ಕೇಳಿದರೆ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಎಲ್ಲರಿಗೂ ಒಂದೇ ನಿಯಮ ಇರಲಿ ಅಂತ ಯಾವತ್ತೋ ಮಾಡಿದ್ದು. ಇಸ್ತ್ರಿಯವರಿಗೆ ಪ್ಲಾಸ್ಟಿಕ್ ಏಪ್ರನ್ ತೆಗೆದರು, ಸುಡದ ಹಾಗೆ ಕೈಗೆ ಮಾತ್ರ ರಕ್ಷಣೆ ಉಳಿಸಿದರು. ಯೂನಿಫಾರ್ಮ್ ಸಡಿಲವಾದ ಹತ್ತಿಯದ್ದಾಯಿತು. ಶಿಫ್ಟ್ ಮಧ್ಯೆ ಒದ್ದೆ ಅಂಗಿ ಬದಲಿಸಲು ಇನ್ನೊಂದು ಜೊತೆ ಕೊಟ್ಟರು.

ಅವರನ್ನು ದಿನಕ್ಕೆ ಸ್ವಲ್ಪ ಹೊತ್ತಿನಿಂದ ಶುರುಮಾಡಿ, ವಾರ ವಾರ ಜಾಸ್ತಿ ಮಾಡುತ್ತಾ ಹೋದೆವು. ಮಧ್ಯೆ ತಂಪು ಕೋಣೆಯಲ್ಲಿ ವಿರಾಮ, ಆಗ ಅಂಗಿ ಮೇಲೆತ್ತಿ ನೋಡಿಕೊಳ್ಳುವುದು. ಜೊತೆಯವರಿಗೆ ಒಂದೇ ಕೆಲಸ ಹೇಳಿದ್ದೆವು: ಮುಖ ಒದ್ದೆಯಾಗಿ ಬೆನ್ನು ಒಣಗಿದ್ದರೆ ಅವರನ್ನು ಹೊರಗೆ ಕಳಿಸಿ, ಅವರು ಬೇಡ ಅಂದರೂ ಕಳಿಸಿ.

ಅದೇ ವಿಭಾಗದ ಉಳಿದವರನ್ನೂ ನೋಡಿದೆವು. ಕೆಲವರಿಗೆ ಏಪ್ರನ್ ಪಟ್ಟಿಯ ಕೆಳಗೆ ಕೆಂಪು ಗುಳ್ಳೆಗಳಿದ್ದವು, ಎಲ್ಲರೂ ಹೊಸದಾಗಿ ಸೇರಿದವರೇ. ಅವರಲ್ಲೂ ಒಬ್ಬರು ಅದೇ ಮೂರು ಔಷಧಿಯ ಟ್ಯೂಬ್ ಹಚ್ಚುತ್ತಿದ್ದರು. ಅವರಿಗೆ ಬಟ್ಟೆ ಬದಲಾವಣೆ, ಕ್ಯಾಲಮೈನ್, ಕೆಲವು ದಿನದ ತಂಪು ಸಾಕಾಯಿತು. ಕೆರೆತ ನಿಂತ ಮೇಲೂ ಅಂಗಿ ಒದ್ದೆಯಾಗುತ್ತಿದೆಯೇ ಅಂತ ಎರಡು ವಾರ ಬಿಟ್ಟು ಮತ್ತೆ ಕೇಳಿದೆವು. ಒದ್ದೆಯಾಗುತ್ತಿತ್ತು.

ನಮ್ಮ ರೋಗಿ ಈಗ ಪೂರ್ತಿ ಶಿಫ್ಟ್ ಮಾಡುತ್ತಾರೆ, ಬೇಸಿಗೆಯ ಮಧ್ಯಾಹ್ನಗಳನ್ನು ಬಿಟ್ಟು. ಆ ತಿಂಗಳುಗಳಲ್ಲಿ ಅವರಿಗೆ ಬೆಳಗಿನ ಪಾಳಿ. ಮುಂದಿನ ಬೇಸಿಗೆಯಲ್ಲಿ ಸೊಂಟದ ಪಟ್ಟಿಯ ಜಾಗದಲ್ಲಿ ಮತ್ತೆ ಚುರುಚುರು ಶುರುವಾದಾಗ ಕ್ರೀಮು ಹುಡುಕದೆ ನೇರ ಬಂದು ತೋರಿಸಿದರು. ಒಂದು ವಾರ ಲೆಕ್ಕದ ಕೋಣೆಯಲ್ಲಿ ಕೂತು, ಸಡಿಲ ಪ್ಯಾಂಟ್ ಹಾಕಿಕೊಂಡ ಮೇಲೆ ಅದು ಇಳಿಯಿತು. ಸೊಂಟದ ಎಡಭಾಗದಲ್ಲಿ ಅಂಗೈಯಷ್ಟು ಜಾಗ ಇನ್ನೂ ಬೆವರುವುದಿಲ್ಲ. ಮುಂದಿನ ಅಯೋಡಿನ್ ಪರೀಕ್ಷೆ ಬೇಸಿಗೆ ಶುರುವಾಗುವ ಮೊದಲು ಮಾಡುವುದೆಂದು ಮಾತಾಗಿದೆ.